ಮೇಷ್ಟ್ರ ಪೆನ್ನು ಸವೆದದ್ದು

ಸೋಮವಾರ ಬೆಳಿಗ್ಗೆ ತಾಕ್ ಮಿರಾನ್ ಮೇಜಿನ ಮೇಲೆ ಬಿಳಿ ಟವೆಲ್ಲು ಹಾಸಿದಳೆಂದರೆ ಸ್ಟುಡಿಯೋದಲ್ಲಿ ಕೆಮ್ಮು ಬಂದವರೂ ನುಂಗಿಕೊಳ್ಳುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಪೆನ್ನನ್ನು ಕವಚ ಬಿಚ್ಚಿ ಆ ಟವೆಲ್ಲಿನ ಮೇಲೆ ಸಾಲಾಗಿ ಮಲಗಿಸಬೇಕು. ಶಾಯಿಯ ಪೆನ್ನಲ್ಲ, ಟ್ಯಾಬಿನ ಗಾಜಿನ ಮೇಲೆ ಚಿತ್ರ ಬಿಡಿಸುವ ಪೆನ್ನು. ಮ್ಯಾನೇಜರ್ ಮಿರಾನ್ ಒಂದೊಂದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಹೆಣ್ಣು ನೋಡಲು ಬಂದ ಗಂಡಿನ ತಾಯಿಯ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಗೀರು ಕಂಡಿತೋ, ಹಿಡಿಕೆಯ ರಬ್ಬರು ಹೊಳೆಯಿತೋ, ಗುಂಡಿಯ ಬಣ್ಣ ಹಾರಿತೋ, ಆ ಪೆನ್ನಿನವನಿಗೆ ವಾರವಿಡೀ ಇಟ್ಟಿಗೆ. ಅಂದರೆ ಮುಖ ಬಿಡಿಸುವಂತಿಲ್ಲ, ಕೈಕಾಲು ಬಿಡಿಸುವಂತಿಲ್ಲ. ಹಿನ್ನೆಲೆಯ ಗೋಡೆಗಳಿಗೆ ಇಟ್ಟಿಗೆ ತುಂಬುತ್ತಾ ಕೂರಬೇಕು.

ಪೆನ್ನುಗಳೇನು ಸ್ಟುಡಿಯೋದ ಸೊತ್ತಲ್ಲ. ತಯಾರಿಸುವ ಕಂಪನಿಯವರು ಎರವಲು ಕೊಟ್ಟದ್ದು. ವರ್ಷಕ್ಕೊಮ್ಮೆ ವಾಪಸು ಒಯ್ದು, ಗೂ ಬೊಂಜಿನ್ ಅವರ ಸ್ಟುಡಿಯೋದಲ್ಲಿ ದುಡಿದ ಪೆನ್ನು, ಆದರೂ ನೋಡಿ ಹೇಗಿದೆ ಎಂದು ಅಂಗಡಿಗಳ ಗಾಜಿನೊಳಗೆ ಇಡುತ್ತಾರೆ. ದುಡಿಯಬೇಕು, ದುಡಿದ ಗುರುತು ಮಾತ್ರ ಎಲ್ಲೂ ಇರಬಾರದು. ಆ ಮನೆಯ ಧರ್ಮವೇ ಅದು.

ಗೂ ಬೊಂಜಿನ್ ಎಂದರೆ ‘ಗಾಳಿಬಂದರು’ ಎಂಬ ಕಾಮಿಕ್ಸ್ ಕಥೆಯ ಒಡೆಯ. ವಾರಕ್ಕೊಂದು ಕಂತು ಫೋನಿಗೆ ಬರುತ್ತದೆ. ಸಿಯೋಲ್ ನಗರದ ಕಡೆಗೆ ಹೋಗುವ ರೈಲಿನಲ್ಲಿ ಜೋತುಬಿದ್ದು ನಿಂತವರೆಲ್ಲ ಹೆಬ್ಬೆರಳಲ್ಲಿ ಅದನ್ನೇ ಮೇಲಕ್ಕೆ ತಳ್ಳುತ್ತಿರುತ್ತಾರೆ. ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಮೇಷ್ಟ್ರು ಎನ್ನಬೇಕು. ಮೇಷ್ಟ್ರು ಕಥೆ ಹೇಳುತ್ತಾರೆ, ಟೀವಿಗೆ ಹೋಗುತ್ತಾರೆ, ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡು ಫೋಟೋ ಹಿಡಿಸಿಕೊಳ್ಳುತ್ತಾರೆ. ಚಿತ್ರ ಬಿಡಿಸುವುದನ್ನು ಬಿಟ್ಟು ಎರಡು ವರ್ಷದ ಮೇಲಾಗಿದೆ. ಬಿಡಿಸುತ್ತಿದ್ದವನು ಪ್ಯೋ ಸಾಂಗ್‌ಗಿಲ್.

ಹೈಸ್ಕೂಲು ಅರ್ಧಕ್ಕೇ ಬಿಟ್ಟು, ಇಂಚೊನ್ ಬಂದರಿನ ಮೀನುಪೇಟೆಯಲ್ಲಿ ಐಸು ಹೊತ್ತು, ಆಮೇಲೆ ಈ ಬುಚೊನ್ ಊರಿನ ಸ್ಟುಡಿಯೋ ಮೆಟ್ಟಿಲು ಹತ್ತಿದವನು ಸಾಂಗ್‌ಗಿಲ್. ಸೇರಿದ ಹೊಸತರಲ್ಲಿ ಒಂದು ವಾರ ಇಟ್ಟಿಗೆ ಶಿಕ್ಷೆ ಅನುಭವಿಸಿದ್ದ. ಹಲ್ಲು ಕಡಿದುಕೊಂಡು ಇಟ್ಟಿಗೆ ತುಂಬಿ ಮುಗಿಸಿ, ಇನ್ನು ಈ ಹೆಂಗಸಿನ ಕಣ್ಣು ತನ್ನ ಪೆನ್ನಿನ ಮೇಲೆ ಎಲ್ಲಿಯೂ ನಿಲ್ಲಬಾರದು ಎಂದು ಪಣ ತೊಟ್ಟ. ಪೆನ್ನು ಹೇಗೆ ಸವೆಯುತ್ತದೆ ಎಂದು ಕಳ್ಳನನ್ನು ಕಾಯುವ ಹಾಗೆ ಕಾದು ಕಲಿತ. ರಬ್ಬರಿಗೆ ಸ್ಪಿರಿಟ್ಟು ತಾಕಿಸಿದರೆ ಮೊದಲು ಅಂಟಾಗುತ್ತದೆ, ಆಮೇಲೆ ಗಿಲೀಟಿನ ಹಾಗೆ ಹೊಳೆಯುತ್ತದೆ; ಹಿಂಡಿದ ಒದ್ದೆ ಬಟ್ಟೆಯೊಂದೇ ಸಾಕು. ಕೈಗೆ ಕ್ರೀಮು ಹಚ್ಚಿದವನು ಪೆನ್ನು ಮುಟ್ಟಬಾರದು. ಕವಚ ಹಾಕಿದ ಮೇಲೆ ಭಯವಿಲ್ಲ ಎಂದುಕೊಂಡವನಷ್ಟು ದಡ್ಡ ಇನ್ನೊಬ್ಬನಿಲ್ಲ. ಕವಚದೊಳಗೆ ಹೊಕ್ಕ ಧೂಳು ಅಲ್ಲೇ ಕೂತು ಮರಳು ಕಾಗದದಂತೆ ಬಣ್ಣ ಅರೆಯುತ್ತದೆ, ಬರಿಗೈ ಕೂಡ ಅಷ್ಟು ಹಾಳು ಮಾಡುವುದಿಲ್ಲ. ಅದನ್ನು ಆಗಾಗ ಬಿಚ್ಚಿ ತೊಳೆದು ನೆರಳಲ್ಲಿ ಒಣಗಿಸಿಯೇ ತೊಡಿಸಬೇಕು. ಟ್ಯಾಬಿನ ಅಂಚಿನ ಆಯಸ್ಕಾಂತದಿಂದ ಪೆನ್ನನ್ನು ಉಜ್ಜಿ ಎಳೆಯಬಾರದು, ಎತ್ತಬೇಕು. ಬೆರಳಿಗೆ ಉಂಗುರ ಬೇಡವೇ ಬೇಡ.

ಪಕ್ಕದ ಮೇಜಿನಲ್ಲಿ ಬಣ್ಣ ತುಂಬುವ ಓಕ್ ಸೆಜಿನ್ ಅವನಿಗಿಂತ ದೊಡ್ಡವಳು, ಬಾಯಿಯೂ ದೊಡ್ಡದು. ಬಣ್ಣದವರಿಗೆ ಇಟ್ಟಿಗೆಯ ಭಯವಿಲ್ಲವಾದ್ದರಿಂದ ಪೆನ್ನಿನ ಬಾಲ ಕಚ್ಚುತ್ತಾ ಕೂತಿರುತ್ತಿದ್ದಳು.

"ನಿನ್ನ ಕಟ್ಟಿಕೊಂಡೋಳ ಗತಿ ಏನಪ್ಪಾ," ಎಂದಿದ್ದಳು ಒಮ್ಮೆ. "ಮುಟ್ಟೋಕೆ ಮುಂಚೆ ಕೈ ತೊಳೀತೀಯ, ಮುಟ್ಟಿದ ಮೇಲೆ ಒರೆಸಿಡ್ತೀಯ."

"ನಿನ್ನ ಕಟ್ಟಿಕೊಂಡೋನಿಗೆ ಮೈಯೆಲ್ಲ ಹಲ್ಲಿನ ಗುರುತಿರುತ್ತೆ ಬಿಡಕ್ಕ," ಎಂದಿದ್ದ ಸಾಂಗ್‌ಗಿಲ್.

ಹೀಗೆ ಕಾಪಾಡಿದ ಪೆನ್ನುಗಳಿಂದಲೇ ಅವನು ಎರಡು ವರ್ಷ ಗಾಳಿಬಂದರಿನ ಮುಖಗಳನ್ನೆಲ್ಲ ಬಿಡಿಸಿದ. ಮಲ್ಸುನ್ ಅಜ್ಜಿ ಎಂಬ ಪಾತ್ರ ಹುಟ್ಟಿದ್ದೇ ಅವನ ಕೈಯಲ್ಲಿ. ಕಥೆಯಲ್ಲಿ ಮೇಷ್ಟ್ರು ಬರೆದುಕೊಟ್ಟಿದ್ದು ‘ಸೂಪು ಮಾರುವ ಮುದುಕಿ’ ಎಂದಷ್ಟೇ. ಬಾಯಿಯಲ್ಲಿ ಹಲ್ಲಿಲ್ಲದ ನಾಚಿಕೆಗೆ ಕೈ ಅಡ್ಡವಿಟ್ಟು ನಗುವುದು, ಆ ಕೈಯ ಕಿರುಬೆರಳು ಅರ್ಧವಿಲ್ಲದಿರುವುದು, ನಗುವಾಗ ಒಂದೇ ಕಣ್ಣು ಮುಚ್ಚುವುದು, ಇವೆಲ್ಲ ಸಾಂಗ್‌ಗಿಲ್‌ನದು. ಜನ ಆ ಮುದುಕಿಗಾಗಿಯೇ ಓದತೊಡಗಿದ್ದರು. ಕಂತಿನ ಕೊನೆಯಲ್ಲಿ ಮಾತ್ರ ವಾರ ವಾರವೂ ಒಂದೇ ಸಾಲು: ಕಥೆ, ಚಿತ್ರ ಗೂ ಬೊಂಜಿನ್. ಮುಂದಿನ ಭಾಗಕ್ಕೆ ನಿನ್ನ ಹೆಸರೂ ಹಾಕಿಸೋಣ ಎಂದು ಮೇಷ್ಟ್ರು ಹೇಳುತ್ತಲೇ ಬಂದಿದ್ದರು. ಮುಂದಿನ ಭಾಗ ಬರುತ್ತಿತ್ತು, ಹೆಸರು ಬರುತ್ತಿರಲಿಲ್ಲ. ಸಾಂಗ್‌ಗಿಲ್‌ಗೆ ಬೇರೇನೂ ಬೇಕಿರಲಿಲ್ಲ. ಆ ಹೆಸರೊಂದು ಬೇಕಿತ್ತು. ಅದಕ್ಕಾಗಿಯೇ ಅವನು ಇನ್ನೂ ಆ ಮೆಟ್ಟಿಲು ಹತ್ತುತ್ತಿದ್ದ, ಹತ್ತುವಾಗಲೆಲ್ಲ ಒಳಗೊಳಗೇ ಉಗಿಯುತ್ತಿದ್ದ.

ಒಂದು ದಿನ ಮಿರಾನ್ ಅವನನ್ನು ಕರೆದು ಬಾಗಿಲು ಹಾಕಿದಳು. ಮೇಜಿನ ಮೇಲೆ ಮೇಷ್ಟ್ರ ಪೆನ್ನು ಮಲಗಿತ್ತು. ಊರಿನ ಪ್ರದರ್ಶನ ಭವನದಲ್ಲಿ ಗಾಳಿಬಂದರಿಗೆ ಹತ್ತು ವರ್ಷದ ಉತ್ಸವವಂತೆ. ಪೆನ್ನಿನ ಕಂಪನಿಯೇ ಎಲ್ಲ ಖರ್ಚು ಹೊತ್ತಿದೆಯಂತೆ. ನಟ್ಟನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ಈ ಪೆನ್ನು, ಮೇಲೆ ‘ಹತ್ತು ವರ್ಷ, ಒಂದೇ ಪೆನ್ನು’ ಎಂಬ ಫಲಕ.

"ನೋಡು ಇದನ್ನ," ಎಂದಳು.

ಸಾಂಗ್‌ಗಿಲ್ ಎತ್ತಿ ನೋಡಿದ. ರಬ್ಬರಿನ ಮೇಲೆ ಬೆರಳು ಕೂತ ಗುರುತೇ ಇಲ್ಲ. ಬಾಲದಲ್ಲಿ ಕಂಪನಿಯವರು ಅಂಟಿಸಿ ಕಳಿಸಿದ ತೆಳು ಹಾಳೆಯೂ ಹಾಗೆಯೇ ಇತ್ತು.

"ಮೊನ್ನೆ ತಂದ ಹಾಗಿದೆ," ಎಂದ.

"ಅದೇ ನಮ್ಮ ಕರ್ಮ. ಅವರು ಬಿಡಿಸ್ತಿದ್ದ ಕಾಲದ ಪೆನ್ನೆಲ್ಲ ಕಂಪನಿಯೋರು ಒಯ್ದಾಯ್ತು. ಇದನ್ನ ಇಟ್ರೆ ಮಕ್ಕಳೂ ನಗ್ತಾರೆ. ಸವೆದದ್ದು ಒಂದಾದ್ರೂ ಇದ್ಯಾ ಈ ಮನೇಲಿ?"

"ಸವೆಯೋಕೆ ನೀವೆಲ್ಲಿ ಬಿಟ್ರಿ ಮೇಡಂ. ಸೆಜಿನ್ ಅಕ್ಕಂದೊಂದಿದೆ, ಬಾಲ ಕಚ್ಚಿರೋದು. ಮೇಷ್ಟ್ರಿಗೆ ಹೊಟ್ಟೆ ಹಸಿದಿತ್ತು ಅಂತ ಬೋರ್ಡು ಹಾಕಿಸಿ."

ಮಿರಾನ್ ನಗಲಿಲ್ಲ. ಪೆನ್ನನ್ನು ಅವನ ಕಡೆ ತಳ್ಳಿದಳು. "ಸವೆಯದ ಹಾಗೆ ನೋಡ್ಕೊಳ್ಳೋಕೆ ಬರೋನಿಗೆ ಸವೆಸೋಕೂ ಬರುತ್ತೆ. ಹತ್ತು ವರ್ಷದ ಸವೆತ ಬೇಕು. ಶನಿವಾರದೊಳಗೆ."

ಸಾಂಗ್‌ಗಿಲ್‌ನ ಕಿವಿ ಬಿಸಿಯಾಯಿತು. ಬಿಡಿಸಿದ್ದು ತಾನು, ಸವೆಯಬೇಕಾದ ಪೆನ್ನು ಮೇಷ್ಟ್ರದು. ಆ ಸುಳ್ಳನ್ನು ಕೆತ್ತಿ ಕೊಡಬೇಕಾದ ಕೈಯೂ ತನ್ನದೇ. ಆಗಲ್ಲ ಎಂದು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಭವನದ ಗೋಡೆಯ ಮೇಲೆ ಹಾಕುವ ಹೆಸರುಗಳ ಫಲಕದಲ್ಲಿ ‘ಚಿತ್ರ’ ಎಂಬ ಮಾತಿನ ಮುಂದೆ ತನ್ನ ಹೆಸರಿರಬೇಕು, ಆ ಮಾತನ್ನು ಮೇಷ್ಟ್ರ ಬಾಯಿಂದಲೇ ಕೇಳಬೇಕು ಎಂದ.

ಗೂ ಬೊಂಜಿನ್ ತನ್ನ ಕೋಣೆಯಲ್ಲಿ ತಣ್ಣಗಿನ ಬಾರ್ಲಿ ಚಹಾ ಕುಡಿಯುತ್ತಾ ಕೂತಿದ್ದ. ಸಾಂಗ್‌ಗಿಲ್ ಪೆನ್ಸಿಲ್ಲಿನ ಸೀಸವನ್ನು ಅರೆದು ಪುಡಿ ತಂದಿದ್ದ. ಸುಮ್ಮನೆ ಎಲ್ಲೆಂದರಲ್ಲಿ ಉಜ್ಜಿದರೆ ಅದು ಸವೆತವಲ್ಲ, ಬರೀ ಹಾಳು. ಹಿಡಿಯುವವನ ಬೆರಳು ಎಲ್ಲಿ ಕೂರುತ್ತದೋ ಅಲ್ಲಷ್ಟೇ ಸವೆಯಬೇಕು. ಅದಕ್ಕೆ ಮೇಷ್ಟ್ರು ಪೆನ್ನು ಹಿಡಿದು ತೋರಿಸಬೇಕು ಎಂದ. ಗೂ ಬೊಂಜಿನ್ ನಗಾಡುತ್ತಾ ಕೈ ನೀಡಿದ. ಸಾಂಗ್‌ಗಿಲ್ ಆ ಬೆರಳುಗಳಿಗೆ ಪುಡಿ ಹಚ್ಚಿದ. ಹೆಣ ತೊಳೆಯುವವನಿಗೂ ಅಷ್ಟು ಹೇಸಿಗೆಯಾಗಿರಲಿಕ್ಕಿಲ್ಲ. ಕೈ ಬೆಣ್ಣೆಯಾಗಿತ್ತು. ನಡುಬೆರಳಿನಲ್ಲಿ ಇರಬೇಕಾದ ಗಂಟು ಕರಗಿ ಹೋಗಿತ್ತು. ಪೆನ್ನು ಕೊಟ್ಟರೆ ಆ ಕೈ ಎಲ್ಲಿ ಹಿಡಿಯಬೇಕೆಂದು ಒಂದು ಗಳಿಗೆ ಹುಡುಕಿತು.

"ನನ್ನ ಹೆಸರು," ಎಂದ ಸಾಂಗ್‌ಗಿಲ್, ಕೈ ಬಿಡದೆ.

"ಶಾಲೆ ಮುಗಿಸೋಕಾಗದೋನಿಗೆ ಹೆಸರಿನ ಹುಚ್ಚು ನೋಡು." ಗೂ ಬೊಂಜಿನ್‌ಗೆ ಕೋಪವೇನೂ ಬಂದಂತಿರಲಿಲ್ಲ. "ಪೆನ್ನು ಯಾವತ್ತಾದ್ರೂ ಹೆಸರು ಕೇಳುತ್ತೇನಪ್ಪಾ? ನೀನು ನನ್ನ ಪೆನ್ನು. ಒಳ್ಳೇ ಪೆನ್ನು. ಅದಕ್ಕೇ ಇಟ್ಕೊಂಡಿದೀನಿ."

"ಚಿತ್ರ ಪ್ಯೋ ಸಾಂಗ್‌ಗಿಲ್ ಅಂತ ಬರಬೇಕು. ಇಲ್ಲ ಅಂದ್ರೆ ಪೆನ್ನು ಹೀಗೇ ಹೋಗುತ್ತೆ."

ಗೂ ಬೊಂಜಿನ್ ಅವನನ್ನೇ ನೋಡಿದ. "ಬರುತ್ತೆ. ನಾನು ಹೇಳ್ತಿದೀನಲ್ಲ, ಬರುತ್ತೆ. ಇನ್ನು ಕೈ ಬಿಡು, ಕರಿಯಾಯ್ತು."

ಆ ವಾರ ಸಾಂಗ್‌ಗಿಲ್ ತಾನು ಕಲಿತದ್ದನ್ನೆಲ್ಲ ತಲೆಕೆಳಗು ಮಾಡಿದ. ಸೀಸದ ಗುರುತು ಬಿದ್ದ ಕಡೆ ಹತ್ತಿಯಲ್ಲಿ ಸ್ಪಿರಿಟ್ಟು ಅದ್ದಿ ಒತ್ತಿದ, ರಬ್ಬರು ಮೆತ್ತಗಾಗುತ್ತಿದ್ದಂತೆ ತನ್ನ ಹೆಬ್ಬೆರಳಿನಿಂದ ತೀಡಿದ. ಕೈಗೆ ಕ್ರೀಮು ಬಳಿದುಕೊಂಡು ಹಿಡಿದ, ಬೆವರಿದ ಅಂಗೈಯಲ್ಲಿ ಹೊರಳಿಸಿದ. ಕವಚದೊಳಗೆ ಕಿಟಕಿಯ ಧೂಳು ಸುರಿದು ತೊಡಿಸಿ ತಿರುವಿದ. ಬಿಚ್ಚಿದಾಗ ಬಿಳಿಯ ಬಣ್ಣ ಮಂಕಾಗಿ, ಕೂದಲೆಳೆಯಂಥ ಗೀರುಗಳು ಒಂದರ ಮೇಲೊಂದು ಬಿದ್ದಿದ್ದವು. ಗುಂಡಿಯ ಒಂದು ಅಂಚನ್ನಷ್ಟೇ ಉಗುರಿನಿಂದ ಸವೆಸಿದ, ಯಾಕೆಂದರೆ ಯಾರೂ ಗುಂಡಿಯನ್ನು ನಟ್ಟನಡುವೆ ಒತ್ತುವುದಿಲ್ಲ. ಬಾಲ ಕೆಳಗಾಗುವಂತೆ ಪೆನ್ನನ್ನು ಬೀಗದ ಕೈಗಳ ಜೊತೆ ಜೇಬಿಗೆ ಹಾಕಿಕೊಂಡು ರೈಲಿನಲ್ಲಿ ಓಡಾಡಿದ. ಕೆಲಸ ಚೆನ್ನಾಗಿ ಬರುತ್ತಿತ್ತು. ಅದು ಚೆನ್ನಾಗಿ ಬರುತ್ತಿದೆಯಲ್ಲ ಎಂದೇ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಸೆಜಿನ್ ಒಂದು ಸಲ ಅದನ್ನು ಕೈಗೆತ್ತಿಕೊಂಡು ನೋಡಿ, ತಮಾಷೆ ಮಾಡದೆ ವಾಪಸಿಟ್ಟಳು. ಇದನ್ನು ಕೊಡಬೇಡ ಎಂದಷ್ಟೇ ಹೇಳಿದಳು. ಸಾಂಗ್‌ಗಿಲ್ ಕೊಟ್ಟ.

ಶನಿವಾರ ಮಧ್ಯಾಹ್ನ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಂಗ್‌ಗಿಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಗಾಜಿನ ಪೆಟ್ಟಿಗೆಯ ಸುತ್ತ ಜನ ಗುಡಿಯೊಳಗೆ ನಿಂತವರಂತೆ ಪಿಸುಮಾತಿನಲ್ಲಿದ್ದರು. ಒಬ್ಬ ನಡುವಯಸ್ಸಿನವನು ಮಗಳಿಗೆ ಆ ಸವೆದ ಹಿಡಿಕೆಯನ್ನು ತೋರಿಸಿ, ಶ್ರಮ ಅಂದರೆ ಇದು, ನೋಡಿ ಕಲಿತುಕೋ ಎಂದು ಹೇಳುತ್ತಿದ್ದ. ಸಾಂಗ್‌ಗಿಲ್ ಜನರನ್ನು ಸರಿಸಿಕೊಂಡು ಗೋಡೆಯ ಫಲಕದ ಬಳಿ ಹೋದ. ಮೇಲೆ ದಪ್ಪ ಅಕ್ಷರದಲ್ಲಿ ಕಥೆ, ಚಿತ್ರ ಗೂ ಬೊಂಜಿನ್. ಕೆಳಗೆ ಬಣ್ಣದವರು, ದೀಪದವರು, ಊಟ ಕಳಿಸಿದವರು. ಎಲ್ಲರಿಗಿಂತ ಕೆಳಗೆ, ಮಂಡಿಯೂರಿ ಓದಬೇಕಾದ ಜಾಗದಲ್ಲಿ: ಪೆನ್ನುಗಳ ಆರೈಕೆ, ಪ್ಯೋ ಸಾಂಗ್‌ಗಿಲ್.

ಮಿರಾನ್ ಅಲ್ಲೇ ಇದ್ದಳು. ಕಂಪನಿಯವರು ಒಪ್ಪಲಿಲ್ಲ, ಒಂದೇ ಪೆನ್ನು ಅಂದ ಮೇಲೆ ಎರಡು ಕೈ ಹೇಗೆ ತೋರಿಸೋದು ಎಂದಳು. ಮುಂದಿನ ಭಾಗಕ್ಕೆ ನೋಡೋಣ ಎಂದಳು. ಜನರೆದುರು ಮುಖ ಹಾಗೆ ಮಾಡಿಕೊಳ್ಳಬೇಡ ಎಂದೂ ಹೇಳಿದಳು. ಸಾಂಗ್‌ಗಿಲ್ ಹೋಗಿ ಸರದಿಯಲ್ಲಿ ನಿಂತ.

ಅದು ಸಹಿ ಪಡೆಯುವವರ ಸರದಿ. ವೇದಿಕೆಯ ಮೇಲೆ ಗೂ ಬೊಂಜಿನ್, ಮುಂದೆ ಟ್ಯಾಬು, ಬೇರೊಂದು ಪೆನ್ನು, ಮೈಕು, ಬೆನ್ನ ಹಿಂದೆ ದೊಡ್ಡ ಪರದೆ. ಬಂದವರು ಕೇಳಿದ ಪಾತ್ರವನ್ನು ಬಿಡಿಸಿ, ಅಲ್ಲೇ ಕಾರ್ಡಿನ ಮೇಲೆ ಅಚ್ಚು ತೆಗೆದು, ಸಹಿ ಹಾಕಿ ಕೊಡಬೇಕು. ಇಂಥ ಉತ್ಸವಗಳಲ್ಲಿ ಅದು ರೂಢಿ. ಗೂ ಬೊಂಜಿನ್ ನಾಯಕನ ಒಂದು ವಾರೆ ಮುಖವನ್ನು ಗಿಣಿಪಾಠ ಮಾಡಿಕೊಂಡು ಬಂದಿದ್ದ. ಯಾರು ಏನು ಕೇಳಿದರೂ ಮಣಿಕಟ್ಟಿನ ಬ್ಯಾಂಡೇಜು ತೋರಿಸಿ, ನಕ್ಕು, ಅದೇ ವಾರೆ ಮುಖ. ಜನ ಪಾಪ ಎನ್ನುತ್ತಾ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

ಸಾಂಗ್‌ಗಿಲ್‌ನ ಸರದಿ ಬಂತು.

"ಮಲ್ಸುನ್ ಅಜ್ಜಿ ಬೇಕು," ಎಂದ. "ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿರೋದು."

ಗೂ ಬೊಂಜಿನ್ ತಲೆ ಎತ್ತಿದ. ಕಣ್ಣು ಸಣ್ಣದಾಯಿತು. ಆದರೆ ಟೀವಿಯಲ್ಲಿ ಪಳಗಿದ ಬಾಯಿ, ತಡಬಡಾಯಿಸಲಿಲ್ಲ. ಇವನು ನಮ್ಮ ಮನೆಯ ಹುಡುಗನೇ, ನನ್ನ ಸಹಿಗೆ ಸಾಲಿನಲ್ಲಿ ನಿಂತಿದ್ದಾನೆ ನೋಡಿ ಎಂದು ಮೈಕಿನಲ್ಲಿ ಹೇಳಿದ. ಜನ ನಕ್ಕರು. ಆಮೇಲೆ ಟ್ಯಾಬನ್ನೂ ಪೆನ್ನನ್ನೂ ಅವನತ್ತ ತಳ್ಳಿದ.

"ನೀನೇ ಬಿಡಿಸು. ನಾನು ಸಹಿ ಹಾಕ್ತೀನಿ."

ಜನ ಇನ್ನೂ ಜೋರಾಗಿ ನಕ್ಕರು. ಎರಡು ವರ್ಷದಿಂದ ಆದದ್ದು ಅದೇ ಎಂದು ಅವರಿಗೆಲ್ಲಿ ಗೊತ್ತು. ಸಾಂಗ್‌ಗಿಲ್ ನಿಂತಲ್ಲೇ ಬಗ್ಗಿ ಪೆನ್ನು ಹಿಡಿದ. ಮೊದಲು ಆ ಅರ್ಧ ಕಿರುಬೆರಳು, ಅದರ ಹಿಂದಿನಿಂದ ಕೆನ್ನೆಯ ಸುಕ್ಕು, ಆಮೇಲೆ ಮುಚ್ಚಿದ ಒಂದು ಕಣ್ಣು. ಪರದೆಯ ಮೇಲೆ ಮುದುಕಿ ಬಾಗಿಲು ತೆರೆದು ಹೊರಗೆ ಬಂದ ಹಾಗೆ ಬಂದಳು. ನಗುತ್ತಿದ್ದವರು ಸುಮ್ಮನಾದರು. ಬಳಿಕ ಚಪ್ಪಾಳೆ ಎದ್ದಿತು. ಎಂಥ ಶಿಷ್ಯನನ್ನು ತಯಾರು ಮಾಡಿದ್ದಾರೆ ಮೇಷ್ಟ್ರು ಎಂದು ಯಾರೋ ಕೂಗಿದರು. ಚಪ್ಪಾಳೆ ಹೋಗಿ ಗೂ ಬೊಂಜಿನ್‌ನ ಮಡಿಲಿಗೆ ಬಿತ್ತು. ಅವನು ತಲೆಬಾಗಿ ಸ್ವೀಕರಿಸಿದ.

ಸಾಂಗ್‌ಗಿಲ್‌ನ ಹಿಂದೆ ನಿಂತಿದ್ದವಳು ಕಂದು ಕೋಟಿನ ದಪ್ಪನೆಯ ಹೆಂಗಸು. ಮುಂದೆ ಬಂದು, ತನಗೂ ಅದೇ ಅಜ್ಜಿ ಬೇಕು ಎಂದಳು.

"ಮೇಷ್ಟ್ರೇ, ನೀವೇ ಬಿಡಿಸಿಕೊಡಿ. ಶಿಷ್ಯನ ಕೈಯೇ ಹೀಗಿದ್ರೆ ನಿಮ್ಮ ಕೈ ಇನ್ನು ಹೇಗಿರಬೇಡ."

ಗೂ ಬೊಂಜಿನ್ ಬ್ಯಾಂಡೇಜು ತೋರಿಸಿದ. ಅವಳು ಬಿಡಲಿಲ್ಲ, ನಿಧಾನಕ್ಕೆ ಬಿಡಿಸಿ, ನಾನು ಕಾಯುತ್ತೇನೆ ಎಂದಳು. ಹಿಂದಿನವರೂ ಅಜ್ಜಿ, ಅಜ್ಜಿ ಎಂದು ದನಿಗೂಡಿಸಿದರು. ಅವನು ಪೆನ್ನು ಹಿಡಿದ. ಗದ್ದದ ಗೆರೆ ಎಳೆದ, ಅಳಿಸಿದ. ಮತ್ತೆ ಎಳೆದ. ಪರದೆ ಎಲ್ಲವನ್ನೂ ತೋರಿಸುತ್ತಿತ್ತು. ಗೆರೆ ಹಾವು ತುಳಿದವನ ಹೆಜ್ಜೆಯಂತೆ ಅತ್ತಿತ್ತ ಹೋಗಿ ನಿಂತಿತು. ಮತ್ತೆ ಅಳಿಸಿದ. ಭವನದಲ್ಲಿ ಮಕ್ಕಳ ಗದ್ದಲವೊಂದು ಬಿಟ್ಟು ಬೇರೆ ಸದ್ದಿರಲಿಲ್ಲ. ಕಂಪನಿಯವನೊಬ್ಬ ಕುರ್ಚಿಯಿಂದ ಎದ್ದು ನಿಂತ.

ಗೂ ಬೊಂಜಿನ್ ಮೈಕನ್ನು ಅಂಗೈಯಲ್ಲಿ ಮುಚ್ಚಿ, ಪಕ್ಕದಲ್ಲೇ ನಿಂತಿದ್ದ ಸಾಂಗ್‌ಗಿಲ್‌ಗೆ, "ಕೂತ್ಕೊಂಡು ಬಿಡಿಸು," ಎಂದ. ದನಿಯಲ್ಲಿ ಬೇಡಿಕೆಯಿರಲಿಲ್ಲ, ವಿಷವಿತ್ತು.

"ಹೆಸರು ಹೇಳಿ."

"ನಾಳೆ ಕೂತು ಮಾತಾಡೋಣ."

"ಮೈಕು ನಿಮ್ಮ ಕೈಯಲ್ಲೇ ಇದೆ. ಇಲ್ಲಾಂದ್ರೆ ನೀವೇ ಬಿಡಿಸಿ, ಅವರು ಕಾಯ್ತಾರಂತೆ."

ಗೂ ಬೊಂಜಿನ್ ಮೈಕಿನಿಂದ ಕೈ ತೆಗೆದ. ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳನ್ನು ಕ್ಯಾಕರಿಸಿ ಉಗುಳುವ ಹಾಗೆ ಹೇಳಿದ: "ಮಲ್ಸುನ್ ಅಜ್ಜಿ ಇವನದು. ಎರಡು ವರ್ಷದಿಂದ ಚಿತ್ರ ಎಲ್ಲ ಇವನದೇ. ಪ್ಯೋ ಸಾಂಗ್‌ಗಿಲ್." ಮೈಕು ಕೆಳಗಿಟ್ಟು, "ಇನ್ನು ನನ್ನ ಮೆಟ್ಟಿಲು ಹತ್ತಬೇಡ," ಎಂದು ಸೇರಿಸಿ ವೇದಿಕೆ ಇಳಿದು ಹೋದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾಂಗ್‌ಗಿಲ್ ಆ ಬಿಸಿ ಕುರ್ಚಿಯಲ್ಲಿ ಕೂತ. ಇಷ್ಟು ವರ್ಷ ಕಾದ ಹೆಸರು ಭವನದ ತುಂಬ ಕೇಳಿಸಿತ್ತು. ಕೇಳಿಸಿಕೊಂಡವರು ಅವನನ್ನು ಕೊಳೆತ ಮೀನು ನೋಡುವ ಹಾಗೆ ನೋಡುತ್ತಿದ್ದರು. ಸರದಿ ಒಡೆಯಿತು. ಕೆಲವರು ಅಚ್ಚಾದ ಕಾರ್ಡುಗಳನ್ನು ಮೇಜಿನ ಮೇಲೆ ಎಸೆದು ಹೋದರು. ಮಗಳ ಕೈ ಹಿಡಿದಿದ್ದ ಆ ನಡುವಯಸ್ಸಿನವನು ವೇದಿಕೆಯ ಹತ್ತಿರ ಬಂದ.

"ಹಾಗಾದ್ರೆ ಆ ಗಾಜಿನೊಳಗಿರೋದು ಯಾರ ಪೆನ್ನು? ನಿಂದಾ?"

ನನ್ನದೇ ಎಂದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಿರಾನ್ ದೂರದಿಂದ ಬೇಡ ಎಂದು ತಲೆಯಾಡಿಸುತ್ತಿದ್ದಳು.

"ಅದು ಯಾರೂ ಬಳಸದ ಪೆನ್ನು," ಎಂದ ಸಾಂಗ್‌ಗಿಲ್. "ಅವರದು. ಸವೆಸಿದ್ದು ನಾನು, ಈ ವಾರ. ಸ್ಪಿರಿಟ್ಟು, ಧೂಳು ಹಾಕಿ ಉಜ್ಜಿದೆ."

"ನೀನೂ ಅವನ ಜಾತಿಯೋನೇ," ಎಂದು ಹೇಳಿ ಅವನು ಮಗಳನ್ನು ಎಳೆದುಕೊಂಡು ಹೋದ. ಆ ಮಾತಿನ ಏಟು ಸರಿಯಾದ ಜಾಗಕ್ಕೇ ಬಿದ್ದಿತ್ತು.

ಕಂದು ಕೋಟಿನ ಹೆಂಗಸು ಮಾತ್ರ ಕದಲಿರಲಿಲ್ಲ. ಅವಳ ಮುಖದಲ್ಲಿ ಕರುಣೆಯಂಥದ್ದೇನೂ ಇರಲಿಲ್ಲ.

"ಬಿಡಿಸು," ಎಂದಳು. "ಕೆಳಗೆ ನಿನ್ನ ಹೆಸರೇ ಬರಿ. ಅವನದ್ದು ಬೇಡ."

ಸಾಂಗ್‌ಗಿಲ್ ಬಿಡಿಸಿದ. ಅಜ್ಜಿ ಈ ಸಲವೂ ತಪ್ಪದೆ ಬಂದಳು. ಸಹಿಯ ಜಾಗಕ್ಕೆ ಬಂದಾಗ ಕೈ ನಿಂತಿತು. ಇಷ್ಟು ಆಸೆಪಟ್ಟವನು ಸಹಿ ಹೇಗಿರಬೇಕೆಂದು ಒಂದು ದಿನವೂ ಯೋಚಿಸಿರಲಿಲ್ಲ. ಶಾಲೆಯ ಹುಡುಗ ಪುಸ್ತಕದ ರಟ್ಟಿನ ಮೇಲೆ ಬರೆಯುವಂತೆ ಒಂದೊಂದೇ ಅಕ್ಷರ ನೆಟ್ಟಗೆ ಬರೆದ. ಕಾರ್ಡು ಅಚ್ಚಾಗಿ ಹೊರಬಂತು. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡಳು, ಹೋಗಲಿಲ್ಲ.

"ಇನ್ನು ಎದ್ದು ಹೋಗಿ ಆ ಪೆನ್ನನ್ನ ಹೊರಗೆ ತೆಗಿ," ಎಂದಳು. "ಅದರ ಮುಂದೆ ನಿಂತು ಅತ್ತಿದೀನಿ ನಾನು."

ಸಾಂಗ್‌ಗಿಲ್ ಎದ್ದ. ಕಂಪನಿಯವರೂ ಮಿರಾನ್ ಕೂಡ ಗಾಜಿನ ಪೆಟ್ಟಿಗೆಗೆ ಅಡ್ಡವಾಗಿ ನಿಂತಿದ್ದರು. ಅವನು ಅಂಗಿಯ ತೋಳು ಮಡಚಿಕೊಂಡು ಅತ್ತ ನಡೆದ.